ಅಳತೆಯ ಕಾಯಕ

ವೈದ್ಯನ ಹೆಸರನ್ನು ಊರೆಲ್ಲ ಬಲ್ಲುದು. ಔಷಧವನ್ನು ಅಳೆದು ಕೊಡುವವನ ಹೆಸರು ಬಲ್ಲವರು ವಿರಳ. ಹಿಂದೆ ಆತನನ್ನು ಕಂಪೌಂಡರನೆಂದು ಕರೆಯುತ್ತಿದ್ದರು. ಸೀಸೆಗೆ ಮಿಶ್ರಣವನ್ನು ತುಂಬಿ, ಮಗ್ಗುಲಿಗೆ ಕತ್ತರಿಸಿದ ಕಾಗದದ ಪಟ್ಟಿಯನ್ನಂಟಿಸಿ, ಹೊತ್ತಿಗಿಷ್ಟೆಂದು ತೋರಿಸುತ್ತಿದ್ದನು. ಸಿದ್ಧೌಷಧಗಳು ಬಂದ ಮೇಲೆ ಖಲ್ವವು ಮೂಲೆ ಸೇರಿತು. ಕಿಟಕಿಯ ಹಿಂದೆ ನಿಂತು ಗುಳಿಗೆ ಎಣಿಸುವುದೇ ಫಾರ್ಮಸಿಸ್ಟನ ವೃತ್ತಿಯೆಂದು ಜನ ಬಗೆದರು.

2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡನ್ನು ಜಗದ್ವ್ಯಾಪಿ ಮಹಾಮಾರಿಯೆಂದು ಸಾರಿತು. ದೇಶದಲ್ಲಿ ಅದಕ್ಕೆ ಮೊದಲು ಬಲಿಯಾದವರು ಕಲಬುರಗಿಯ ವೃದ್ಧರೊಬ್ಬರು. ಕೈ ಶುದ್ಧಿಯ ದ್ರವವು ಅಂಗಡಿಗಳಿಂದ ಮಾಯವಾದಾಗ ಅನೇಕ ಆಸ್ಪತ್ರೆಗಳಲ್ಲಿ ಹಳೆಯ ಕಂಪೌಂಡರನು ಮರಳಿ ಎಚ್ಚೆತ್ತನು. ಶೇಕಡಾ 96ರ ಎಥನಾಲ್ 8,333 ಮಿಲಿಲೀಟರು, ಶೇಕಡಾ 3ರ ಹೈಡ್ರೋಜನ್ ಪೆರಾಕ್ಸೈಡ್ 417, ಶೇಕಡಾ 98ರ ಗ್ಲಿಸರಾಲ್ 145. ಮಿಕ್ಕುದು ಕಾಯಿಸಿ ಆರಿಸಿದ ನೀರು, ಒಟ್ಟು ಹತ್ತು ಲೀಟರು. ಬೆರೆಸಿದ ಮೇಲೆ 72 ಗಂಟೆ ಮುಚ್ಚಿಡಬೇಕು. ಲೋಕವೇ ಅವಸರದಲ್ಲಿದ್ದಾಗ ಮೂರು ದಿನ ಕಾಯುವುದೂ ಆ ಕಾಯಕದ ಅಂಗವಾಯಿತು.

ಬೆರೆಸುವುದಕ್ಕಿಂತ ಕಠಿಣವಾದುದು ಇಲ್ಲವೆನ್ನುವುದು. 2021ರ ಏಪ್ರಿಲಿನಲ್ಲಿ ರೆಮ್ಡೆಸಿವಿರ್ ಚುಚ್ಚುಮದ್ದಿಗೆ ದೇಶದಾದ್ಯಂತ ಹಾಹಾಕಾರವೆದ್ದಿತು; ಸರ್ಕಾರವು ಅದರ ರಫ್ತನ್ನೇ ನಿಷೇಧಿಸಿತು. ಅದು ಪ್ರಾಣವುಳಿಸುವುದೆಂಬುದಕ್ಕೆ ತಕ್ಕ ಆಧಾರವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು ಹಿಂದಿನ ನವೆಂಬರಿನಲ್ಲೇ ಹೇಳಿತ್ತು. ಆದರೆ ಕಂಗೆಟ್ಟ ಮನಸ್ಸು ಆಧಾರವನ್ನು ಕೇಳುವುದುಂಟೆ?

ಜಿಲ್ಲಾಕೇಂದ್ರವೊಂದರ ಆಸ್ಪತ್ರೆಯಲ್ಲಿ ಮಠದ ಶಾಲೆಯಲ್ಲಿ ಓದಿ ಬೆಳೆದ ಫಾರ್ಮಸಿಸ್ಟರೊಬ್ಬರಿದ್ದರು. ಆ ದಿನಗಳ ಒಂದು ಸಂಜೆ ಅವರ ಬಳಿ ಉಳಿದಿದ್ದುದು ಆರು ಸೀಸೆ. ಮೊದಲ ದಿನ ಎರಡು, ಮುಂದಿನ ನಾಲ್ಕು ದಿನ ಒಂದೊಂದು. ಅಂದರೆ ಒಬ್ಬ ರೋಗಿಯ ಪಾಲು. ಆರು ಮಂದಿಗೆ ಹಂಚಿದರೆ ಆರು ಮನೆಗಳಿಗೆ ಸಮಾಧಾನವಾದೀತು, ಚಿಕಿತ್ಸೆ ಒಂದಕ್ಕೂ ಆಗದು.

ಆಗ ಕಿಟಕಿಯಾಚೆ ನಿಂತವರು ಅವರಿಗೆ ಅಕ್ಷರ ಕಲಿಸಿದ ಗುರುಗಳು. ಮಗನಿಗೆ ಜ್ವರ, ಮನೆಯಲ್ಲೇ ಮಲಗಿದ್ದಾನೆ.

“ತಮ್ಮಾ, ನಿನ್ನ ಹತ್ತಿರ ಎಂದೂ ಏನನ್ನೂ ಕೇಳಿದವನಲ್ಲ,” ಎಂದರು.

ಶಿಷ್ಯರ ಕಣ್ಣು ತುಂಬಿತು. ಆದರೂ ಕೈ ಪೆಟ್ಟಿಗೆಯತ್ತ ಹೋಗಲಿಲ್ಲ. “ಗುರುಗಳೆ, ಇದು ಆಸ್ಪತ್ರೆಯಲ್ಲಿ ಆಮ್ಲಜನಕದ ಆಸರೆಯಲ್ಲಿರುವವರಿಗೆ, ವೈದ್ಯರು ಬರೆದರೆ ಮಾತ್ರ. ತಮ್ಮ ಮಗನ ಉಸಿರು ಚೆನ್ನಾಗಿದೆ. ಆಮ್ಲಜನಕದ ಅಂಕಿ 94ಕ್ಕಿಂತ ಇಳಿದರೆ ಒಡನೆಯೇ ಕರೆತನ್ನಿ,” ಎಂದು ಕೈಮುಗಿದರು.

ಗುರುಗಳು ಮುನಿದು ಮೆಟ್ಟಿಲಿಳಿದರು. ಆಯ್ದಕ್ಕಿ ಮಾರಯ್ಯನು ಹೆಚ್ಚಾಗಿ ತಂದ ಅಕ್ಕಿಯನ್ನು ಲಕ್ಕಮ್ಮನು ಹಿಂದಕ್ಕೊಯ್ದು ಸುರಿದು ಬರಲು ಹೇಳಿದ ಕಥೆಯನ್ನು ಅವರು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದರೋ! ಮಗನು ಗುಣಮುಖನಾದ ಬಹುದಿನಗಳ ಮೇಲೆ ಅವರೇ ಮತ್ತೆ ಆ ಕಿಟಕಿಗೆ ಬಂದರು, ಚೀಟಿಯಿಲ್ಲದೆ, ಬರಿಗೈಯಲ್ಲಿ. “ಪಾಠ ಹೇಳಿದವನು ನಾನು, ಕಲಿತವನು ನೀನು,” ಎಂದಷ್ಟೇ ನುಡಿದರು.

ದಾಸೋಹದ ಉಗ್ರಾಣದಲ್ಲಿ ಅಳೆದು ಕೊಡುವವನಿಲ್ಲದಿದ್ದರೆ ಪಂಕ್ತಿಯ ಕೊನೆಯವನಿಗೆ ಅನ್ನವಿಲ್ಲ. ಆ ಆರು ಸೀಸೆಗಳು ಅಂದಿನ ರಾತ್ರಿಯೇ ವಾರ್ಡಿಗೆ ಹೋದವು. ದಾಸ್ತಾನು ಪುಸ್ತಕದಲ್ಲಿ ಅಂಕಿಯಿದೆ, ದಿನಾಂಕವಿದೆ, ಸಹಿಯಿದೆ. ಕಿಟಕಿಯ ಹಿಂದೆ ತುಂಬಿದ ಕಣ್ಣುಗಳಿಗೆ ಅಲ್ಲಿ ಅಂಕಣವಿಲ್ಲ.