ಶಿಕಾರಿಪುರದ ಭಾವನ ಬಲಗೈ

ನಮ್ಮ ಕಡೆ ಬೆಲೆ ಕಟ್ಟುವ ವಿದ್ಯೆಗೆ ಬರವಿಲ್ಲ. ಅಂಗೈಯಲ್ಲಿ ನಾಲ್ಕು ಅಡಿಕೆ ಹೊರಳಿಸಿ ಇದು ರಾಶಿ, ಇದು ಬೆಟ್ಟೆ, ಇದು ಗೊರಬಲು ಎಂದು ಹೇಳಬಲ್ಲವರು ಸೊರಬದ ಸುತ್ತ ಊರಿಗೆ ಹತ್ತು ಜನ ಸಿಗುತ್ತಾರೆ. ಹೋರಿ ಬೆದರಿಸುವ ಹಬ್ಬದಲ್ಲಿ ಓಡುವ ಹೋರಿಯನ್ನು ಹಿಂದಿನಿಂದ ನೋಡಿಯೇ ಅದರ ಬೆಲೆ ಹೇಳುವವರೂ ಇದ್ದಾರೆ. ಆದರೆ ಡೈನೋಸಾರ್ ಹಿಡಿಯುವ ಗಾಡಿಗೆ ಬೆಲೆ ಹೇಳುವವರು ಸೊರಬ, ಶಿಕಾರಿಪುರ ಎರಡೂ ತಾಲ್ಲೂಕು ಹುಡುಕಿದರೂ ಸಿಗಲಿಕ್ಕಿಲ್ಲ. ಹೀಗಾಗಿ ಆ ಕೆಲಸ, ಜೀವಮಾನವೆಲ್ಲ ಸಂಧಿ ಸಮಾಸ ಬಿಡಿಸಿಕೊಂಡಿದ್ದ ನಿವೃತ್ತ ಮೇಷ್ಟರಾದ ನನ್ನ ಕೊರಳಿಗೆ ಬಿತ್ತು.

ಅಕ್ಕನ ಮನೆಯ ಹಂಚು ಇಳಿಸಿ ತಾರಸಿ ಹಾಕಿಸುವುದೆಂದು ತೀರ್ಮಾನವಾಗಿತ್ತು. ಅಟ್ಟ ಖಾಲಿ ಮಾಡುವ ಹೊತ್ತಿಗೆ ಬೆಂಗಳೂರಿನಿಂದ ಅಕ್ಕನ ಮಗನ ಫೋನು. "ಮಾವ, ನನ್ನ ಡೈನೋಸಾರ್ ಗಾಡಿ ಅಲ್ಲೇ ಎಲ್ಲೋ ಇರಬೇಕು. ಸಿಕ್ಕರೆ ತೆಗೆದಿಡಿ. ತೊಳೆಯೋಕೆ ಹೋಗಬೇಡಿ. ಅಂಥದ್ದಕ್ಕೆ ಈಗ ಒಳ್ಳೆ ರೇಟಿದೆಯಂತೆ. ಏನಿದೆ, ಏನಿಲ್ಲ ಅಂತ ನೋಡಿ ಬರೆದು ಕಳಿಸಿ." ಮನೆಯ ಖರ್ಚು ಅಂದಾಜು ಮೀರಿ ಹೋಗಿತ್ತು. ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

ಗಾಡಿ ಸಿಕ್ಕಿತು. ಅದರ ಪೂರ್ವೋತ್ತರ ಸ್ವಲ್ಪ ಹೇಳಬೇಕು. 1993ರಲ್ಲಿ ಸ್ಪೀಲ್‌ಬರ್ಗನ 'ಜುರಾಸಿಕ್ ಪಾರ್ಕ್' ಬಂತು. ಮರುವರ್ಷ ಅದರ ಡೈನೋಸಾರ್‌ಗಳು ಹಿಂದಿ ಮಾತಿನ ನಡುವೆ ಅಬ್ಬರಿಸುತ್ತ ನಮ್ಮ ದೇಶದ ಊರುಗಳನ್ನು ಸುತ್ತಿದವು. 1997ರಲ್ಲಿ ಎರಡನೆಯ ಚಿತ್ರ 'ದಿ ಲಾಸ್ಟ್ ವರ್ಲ್ಡ್'. ಅದರಲ್ಲಿ ಒಂದು ದ್ವೀಪಕ್ಕೆ ವಾಹನಗಳ ದಂಡೇ ಬಂದಿಳಿದು ಡೈನೋಸಾರ್‌ಗಳನ್ನು ಅಟ್ಟಾಡಿಸಿ ಕುಣಿಕೆ ಹಾಕಿ ಜೀವಂತ ಹಿಡಿಯುತ್ತದೆ. ನೋಡಿದ ಕೂಡಲೇ ನನಗೆ ಖೆಡ್ಡಾ ನೆನಪಾಯಿತು. ಮೈಸೂರು ಸೀಮೆಯಲ್ಲಿ ಸ್ಯಾಂಡರ್ಸನ್ ಸಾಹೇಬ 1874ರಲ್ಲಿ ಆರಂಭಿಸಿ, ಕಾಕನಕೋಟೆಯಲ್ಲಿ 1971ರಲ್ಲಿ ಕೊನೆಗೊಂಡ ಆನೆ ಹಿಡಿಯುವ ಕೆಲಸಕ್ಕೇ ಚಕ್ರ ಜೋಡಿಸಿದಂತಿತ್ತು. ಈ ಚಿತ್ರಗಳ ಆಟಿಕೆ ಮಾಡಿದ್ದು ಅಮೆರಿಕದ ಸಿನ್ಸಿನಾಟಿಯ ಕೆನ್ನರ್ ಎಂಬ ಕಂಪನಿ. ಆ ವರ್ಷ ಊರಿಗೆ ಬಂದ ಹುಡುಗನ ದೊಡ್ಡಪ್ಪ ಎಲ್ಲರಿಗೂ ಸೋಪು, ಚಾಕಲೇಟು ಹಂಚಿ, ಮೂರನೇ ಕ್ಲಾಸಿನ ಇವನಿಗೆ ಮಾತ್ರ ಈ ಗಾಡಿ ಕೊಟ್ಟರು. ಹಸಿರು ಬಣ್ಣದ ಗಾಡಿ; ಮುಂದಕ್ಕೆ ಚಾಚುವ ಒಂದು ತೋಳು, ತುದಿಗೆ ಕುಣಿಕೆ, ಹಿಂದೆ ಪಂಜರ. ಜತೆಗೆ ನನ್ನ ತೋರುಬೆರಳಿಗಿಂತ ತುಸು ಎತ್ತರದ ಒಬ್ಬ ಬೇಟೆಗಾರ.

ಹಿಡಿಯಲು ಡೈನೋಸಾರ್ ಎಲ್ಲಿಂದ ತರಬೇಕು? ಸೊರಬದ ನೆಲದಡಿಯ ಬಂಡೆ ಇನ್ನೂರೈವತ್ತು ಕೋಟಿ ವರ್ಷಕ್ಕಿಂತ ಹಳೆಯದು. ಡೈನೋಸಾರ್‌ಗಳು ಹುಟ್ಟಿದ್ದೇ ಇಪ್ಪತ್ತಮೂರು ಕೋಟಿ ವರ್ಷದ ಈಚೆಗೆ, ಅಳಿದದ್ದು ಆರೂವರೆ ಕೋಟಿ ವರ್ಷದ ಹಿಂದೆ. ನಮ್ಮ ಬಂಡೆ ಎಷ್ಟು ಒಡೆದರೂ ಅವುಗಳ ಬಾಲದ ಮೂಳೆಯೂ ಸಿಗದು. ಹುಡುಗರು ಇದಕ್ಕೆ ಪರಿಹಾರ ತೋಟದಲ್ಲೇ ಕಂಡುಕೊಂಡರು. ಅಡಿಕೆ ಮರದಿಂದ ಮರಕ್ಕೆ ತೇಲುವ ಹಾರುವ ಓತಿಯೇ ಅವರ ಡೈನೋಸಾರ್. ತೇಜಸ್ವಿಯವರು 1980ರಲ್ಲಿ 'ಕರ್ವಾಲೊ' ಬರೆದು ಇದೇ ಓತಿಯ ಹಿಂದೆ ಒಂದು ದಂಡನ್ನೇ ಕಾಡು ಹತ್ತಿಸಿದ್ದರಲ್ಲ, ಅದನ್ನು ಓದದ ಈ ಇಬ್ಬರೂ ಅದೇ ಕೆಲಸ ಮಾಡುತ್ತಿದ್ದರು. ಒಂದು ಓತಿಯೂ ಕುಣಿಕೆಗೆ ಸಿಗಲಿಲ್ಲ ಎಂಬುದು ಓತಿಗಳ ಪುಣ್ಯ.

ಇಬ್ಬರು ಎಂದೆ. ಇನ್ನೊಬ್ಬ ಬೀದಿಯ ಆಚೆ ತುದಿಯ ಗುಡಿಗಾರರ ಮನೆಯ ಮೊಮ್ಮಗ. ಸೊರಬ, ಸಾಗರದ ಗುಡಿಗಾರರ ಗಂಧದ ಕೆತ್ತನೆ ನೋಡದವರೂ ಅದರ ಹೆಸರು ಕೇಳಿರುತ್ತಾರೆ. ಬೇಟೆಗಾರನ ಊರು ಯಾವುದೆಂದು ಒಮ್ಮೆ ಇವರಲ್ಲಿ ಚರ್ಚೆ ಎದ್ದಿತು. ಶಿಕಾರಿಯಾದ ಮೇಲೆ ಶಿಕಾರಿಪುರದವನೇ ಆಗಿರಬೇಕು ಎಂದು ಗುಡಿಗಾರರ ಹುಡುಗ ತೀರ್ಪು ಕೊಟ್ಟ. ಶಿಕಾರಿಪುರದಿಂದ ನಮ್ಮ ಬೀದಿಗೆ ಬರುವವರೆಲ್ಲ ಯಾರಿಗಾದರೂ ಭಾವನೇ ಆಗಿರುತ್ತಿದ್ದರು. ಹಾಗೆ ಆ ಅಮೆರಿಕನ್ನನು ಶಿಕಾರಿಪುರದ ಭಾವನಾದ.

ಈಗ ಬೆಲೆಯ ಮಾತು. ಅಕ್ಕನ ಮಗ ಕಳಿಸಿದ್ದನ್ನೆಲ್ಲ ಓದಿ, ಬಲ್ಲವರನ್ನು ಕೇಳಿ ನಾನು ಅರಿತದ್ದು ಇಷ್ಟು. ಹಳೆಯ ಆಟಿಕೆಯ ಲೋಕದಲ್ಲಿ ಆಡದೇ ಇಟ್ಟದ್ದಕ್ಕೆ ಅಗ್ರ ಮರ್ಯಾದೆ. ಡಬ್ಬಿ ಬಿಚ್ಚದ್ದು ಬೆಟ್ಟೆ. ಬಿಚ್ಚಿದರೂ ಒಂದು ಮೊಳೆ ಕಳೆಯದ್ದು ರಾಶಿ. ಮಕ್ಕಳ ಕೈಯಲ್ಲಿ ಬಾಳಿ ಬದುಕಿದ್ದೆಲ್ಲ ಗೊರಬಲು. ಖಾಲಿ ಡಬ್ಬಿಗೂ ಗಿರಾಕಿ ಉಂಟು. ಇದೇ ಕೆನ್ನರ್ 1977ರ ಕ್ರಿಸ್‌ಮಸ್ಸಿಗೆ 'ಸ್ಟಾರ್ ವಾರ್ಸ್' ಬೊಂಬೆಗಳು ಸಿದ್ಧವಾಗದೆ, ಬೊಂಬೆ ಆಮೇಲೆ ಕೊಡುತ್ತೇವೆಂಬ ಚೀಟಿ ಇಟ್ಟು ಬರೀ ರಟ್ಟಿನ ಪಾಕೀಟು ಮಾರಿತ್ತು. ಅಡಿಕೆ ಮರದ ಮೇಲಿರುವಾಗಲೇ ಚೇಣಿ ಕೊಡುವ ನಮಗೆ ಇದು ಸೋಜಿಗವಲ್ಲ. ನಮ್ಮ ಗಾಡಿಯ ಡಬ್ಬಿಯೂ ಇತ್ತು. ಅಕ್ಕ ಅದರಲ್ಲಿ ಗೆಜ್ಜೆವಸ್ತ್ರದ ಹತ್ತಿ ಇಟ್ಟಿದ್ದಳು. ಕಿಟಕಿಯ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ರೇಷನ್ ಕಾರ್ಡಿಗೆ ಹೊದಿಕೆ ಮಾಡಿದ್ದಳು. ಅಕ್ಕನ ಲೆಕ್ಕದಲ್ಲಿ ಆ ಡಬ್ಬಿಗೆ ಪೂರ್ತಿ ಬೆಲೆ ಬಂದಾಗಿತ್ತು.

ಮಸೂರ ಹಿಡಿದು ಕೂತೆ. ಗಾಡಿಯ ಹೊಟ್ಟೆಯಡಿ ಕಂಪನಿಯ ಹೆಸರು, ಚೀನಾದಲ್ಲಿ ತಯಾರಾದದ್ದೆಂಬ ಮುದ್ರೆ, ಒಂದು ಇಸವಿ. ಈ ಇಸವಿ ಹಲವರನ್ನು ದಾರಿ ತಪ್ಪಿಸುತ್ತದೆ. ಅದು ಹಕ್ಕಿನ ಇಸವಿ, ಆ ವಸ್ತು ಕಾರ್ಖಾನೆಯಿಂದ ಹೊರಬಿದ್ದ ಇಸವಿಯೇ ಆಗಬೇಕಿಲ್ಲ. ಬಾಗಿ ನೆಟ್ಟಗಾದ ಕಡೆ ಪ್ಲಾಸ್ಟಿಕ್ಕಿನ ಮೇಲೆ ಬಿಳಿ ಗೆರೆ ಮೂಡಿರುತ್ತದೆ. ಅದನ್ನು ಯಾವ ಸೋಪೂ ತೆಗೆಯದು. ಬೆಳಕಿಗೆ ಬಿದ್ದ ತಿಳಿ ಬಣ್ಣದ ಪ್ಲಾಸ್ಟಿಕ್ ಹಳದಿಗಟ್ಟುತ್ತದೆ. ಅಟ್ಟದ ಕತ್ತಲು ಇಲ್ಲಿ ಉಪಕಾರ ಮಾಡಿತ್ತು. ಮೆತ್ತನೆಯ ಭಾಗಗಳು ವರ್ಷ ಕಳೆದಂತೆ ಎಣ್ಣೆ ಬಿಟ್ಟು ಅಂಟುತ್ತವೆ. ಕುಣಿಕೆ ಹಾಗೇ ಅಂಟುತ್ತಿತ್ತು. ಅಂಟಿಸಿದ ಚಿತ್ರಗಳಲ್ಲಿ ಅರ್ಧ ಎದ್ದುಹೋಗಿದ್ದವು. ಮಲೆನಾಡಿನ ಮಳೆಗಾಲಗಳು ಸ್ಕ್ರೂಗಳ ತಲೆಯ ಮೇಲೆ ಕುಳಿತಿದ್ದವು. ಎಡಗಡೆಯ ಮುಂದಿನ ಚಕ್ರ ಸೀಳಿತ್ತು. ಇಷ್ಟೆಲ್ಲ ಬರೆದುಕೊಂಡೆ.

ಆಮೇಲೆ ಭಾವನನ್ನು ಎತ್ತಿ ನಿಲ್ಲಿಸಿದೆ. ಬೊಂಬೆಯ ಮೊದಲ ಪರೀಕ್ಷೆ ಅದೇ: ಕೀಲು ಸಡಿಲವಾದದ್ದು ತಾನಾಗಿ ನಿಲ್ಲುವುದಿಲ್ಲ. ಭಾವ ನಿಂತ. ಆದರೆ ಅವನ ಬಲಗೈ ಕೆನ್ನರ್ ಮಾಡಿದ್ದಲ್ಲ.

ಆ ಕೈ ನನಗೆ ಗೊತ್ತಿತ್ತು. ನಿಜವಾದ ಕೈ ಒಂದು ಮಳೆಗಾಲ ತೋಟದ ಬಸಿಗಾಲುವೆಯಲ್ಲಿ ಹೋಯಿತು. ಇಬ್ಬರೂ ಸಂಜೆಯವರೆಗೆ ಕೆಸರು ಕೆದಕಿ, ಕೊನೆಗೆ ಗುಡಿಗಾರಜ್ಜನ ಮುಂದೆ ಹೋಗಿ ನಿಂತರು. ಆನೆದಂತದ ಕೆಲಸವನ್ನೂ ಕಂಡಿದ್ದ ಕೈ ಅಜ್ಜನದು. ಆಗ ಗಂಧದ ಮರ ಯಾರ ಹೊಲದಲ್ಲಿ ಬೆಳೆದರೂ ಸರ್ಕಾರದ ಸ್ವತ್ತು. ಕುಶಲಕರ್ಮಿಗೆ ತೂಗಿ ಕೊಟ್ಟದ್ದರಲ್ಲಿ ಆಟದ ಸಾಮಾನಿಗೆ ಚಕ್ಕೆ ತೆಗೆಯುವಂತಿರಲಿಲ್ಲ. ಅಜ್ಜ ಒಂದು ಶಿವನೆ ತುಂಡು ಹುಡುಕಿ, ಎಡಗೈ ನೋಡಿಕೊಂಡು ಬಲಗೈ ಕೆತ್ತಿ, ಭುಜದ ಗುಳಿಗೆ ಸರಿಯಾಗಿ ಗೂಟ ಮಾಡಿ ಕೂರಿಸಿದರು. ಎಡಗೈಯ ಬೆರಳುಗಳು ಅಚ್ಚಿನಲ್ಲಿ ಕಲಸಿಹೋಗಿ ಮುದ್ದೆಯಂತಿವೆ. ಬಲಗೈಯಲ್ಲಿ ಐದು ಬೆರಳು, ಐದಕ್ಕೂ ಉಗುರು. ಜೀವನವೆಲ್ಲ ದೇವರನ್ನು ಕೆತ್ತಿದ ಅಭ್ಯಾಸ ನೋಡಿ, ಮಣಿಕಟ್ಟಿಗೆ ಒಂದು ಕಡಗ ಬೇರೆ. ಡೈನೋಸಾರ್ ಬೇಟೆಗಾರ ಕಡಗ ತೊಟ್ಟು ಆಂಜನೇಯನ ಹಾಗೆ ಮುಷ್ಟಿ ಎತ್ತುತ್ತಾನೆ.

ಬಲ್ಲವರ ಭಾಷೆಯಲ್ಲಿ ಇದು ಬದಲಿ ಅಂಗ, ಅಂದರೆ ಊನ. ಹಾಗೆಂದೇ ಬರೆದುಕೊಂಡು ಬೊಂಬೆಯ ಪಾದ ತಿರುಗಿಸಿದೆ. ಅಂಗಾಲಿನಲ್ಲಿ ಕೈವಾರದ ಮೊನೆಯಿಂದ ಗೀಚಿದ 'ಮಂ' ಎಂಬ ಅಕ್ಷರ. ಗಾಡಿಯ ಹೊಟ್ಟೆಯಡಿ ಅದೇ ಮೊನೆಯ 'ಸು'. 'ಸು' ನಮ್ಮ ಹುಡುಗ. 'ಮಂ' ಗುಡಿಗಾರರವನು. ಕೈ ಜೋಡಿಸಿದ ದಿನ ಜಗಲಿಯ ಮೇಲೆ ನಡೆದ ಪಂಚಾಯ್ತಿ ಆಗ ನೆನಪಿಗೆ ಬಂತು: ಕೈ ಅಜ್ಜ ಕೊಟ್ಟದ್ದು, ಆದ್ದರಿಂದ ಆಳು ನನ್ನವನು, ಗಾಡಿ ನೀನೇ ಇಟ್ಟುಕೋ. ನಮ್ಮ ಹುಡುಗ ಅತ್ತೂ ಕರೆದೂ ಕೊನೆಗೆ ಒಪ್ಪಿದ್ದ. ಆಳು ನಮ್ಮ ಅಟ್ಟದಲ್ಲೇ ಉಳಿದದ್ದು, ಇವನು ಹಾಸ್ಟೆಲಿಗೆ ಹೋದಾಗ ಕೇಳುವವರು ಇರಲಿಲ್ಲ ಎಂಬ ಒಂದೇ ಕಾರಣಕ್ಕೆ.

ಪತ್ರ ಬರೆದೆ. ಈ ಸರಣಿ ರಾಶಿರಾಶಿಯಾಗಿ ತಯಾರಾದದ್ದು, ಅಪರೂಪವಲ್ಲ. ಮಾರುವವರು ಕೂಗುವ ಬೆಲೆಯನ್ನು ನಂಬಬೇಡ, ವ್ಯಾಪಾರವಾದ ಬೆಲೆ ನೋಡು. ಸಂತೆಯಲ್ಲಿ ಇವೆರಡರ ನಡುವೆ ಒಂದು ಹೊಳೆ ಹರಿಯುತ್ತದೆ. ದೋಷ ಇಂತಿಂಥವು. ಕೊನೆಯಲ್ಲಿ, ಗಾಡಿ ನಿನ್ನದು, ಆಳು ನಿನ್ನದಲ್ಲ, ಅಂಗಾಲಿನಲ್ಲಿ ಬರೆದಿದೆ ಎಂದು ಸೇರಿಸಿದೆ.

ಅಷ್ಟರಲ್ಲಿ ಅವನು ಫೋಟೋ ಕಳಿಸಿ ಮುಂಬೈಯ ಒಬ್ಬ ಗಿರಾಕಿಯನ್ನು ಹಿಡಿದಾಗಿತ್ತು. ಎರಡೂ ಸೇರಿ ಮೂರು ಸಾವಿರ. ಮರದ ಕೈ ಕಿತ್ತು ಕಳಿಸಿ, ನನ್ನ ಹತ್ತಿರ ಬೇರೆ ಕೈ ಇದೆ ಎಂದಿದ್ದನಂತೆ. ಮೂರು ಸಾವಿರಕ್ಕೆ ಏಳೆಂಟು ಚೀಲ ಸಿಮೆಂಟು ಬರುತ್ತದೆ. ತಾರಸಿ ಹಾಕುವವನಿಗೆ ಅದೂ ಸಣ್ಣದಲ್ಲ.

ಎರಡು ದಿನ ಬಿಟ್ಟು ಫೋನು ಬಂತು. "ಅವನು ಅಲ್ಲೇ ಇದ್ದಾನಾ ಮಾವ?"

"ಇಲ್ಲೇ ಇದ್ದಾನೆ. ಅಜ್ಜನ ಜಾಗದಲ್ಲೇ ಕೂತು ಕೆತ್ತುತ್ತಾನೆ."

"ಮಾತಾಡದೆ ಇಪ್ಪತ್ತು ವರ್ಷ ಆಯ್ತು," ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೊಟ್ಟುಬಿಡಿ," ಎಂದ.

ಮರುದಿನ ಬೊಂಬೆಯನ್ನು ಜೇಬಿನಲ್ಲಿಟ್ಟುಕೊಂಡು ಹೋದೆ. ಅವನು ನನ್ನ ಹಳೆಯ ವಿದ್ಯಾರ್ಥಿ, ಎದ್ದು ನಿಂತ. ಬೊಂಬೆ ಕೈಗಿಟ್ಟೆ. ಅಂಗಾಲು ನೋಡಲಿಲ್ಲ. ಹೆಬ್ಬೆರಳಿನಿಂದ ಕಡಗವನ್ನು ಒಮ್ಮೆ ಸವರಿ, ತೋಳನ್ನು ಮೇಲೆ ಕೆಳಗೆ ಆಡಿಸಿದ.

"ಗೂಟ ಇನ್ನೂ ಬಿಗಿ ಇದೆ ಮೇಷ್ಟ್ರೇ. ಗಾಡಿ ಎಲ್ಲಿ?"

"ಗಾಡಿ ಅವನದಲ್ಲವೇನೋ?"

"ಅವನದೇ. ಎಡಗಡೆ ಚಕ್ರ ಆಗಲೇ ಸೀಳಿತ್ತು, ಅದಕ್ಕೆ ಕೇಳಿದೆ." ಬೊಂಬೆಯನ್ನು ಉಳಿಗಳ ಪಕ್ಕದಲ್ಲಿ ನಿಲ್ಲಿಸಿದ. "ಶಿವನೆ ತುಂಡು ಇದೆ, ಅರ್ಧ ದಿನದ ಕೆಲಸ. ಅವನ ಮಗನಿಗೆ ಎಷ್ಟು ವರ್ಷ ಈಗ?"

"ಏಳು."

"ಹಾಗಾದರೆ ಚಂದ್ರಗುತ್ತಿ ಜಾತ್ರೆ ಮುಗೀಲಿ. ಈಗ ಕೈತುಂಬ ಕೆಲಸ ಇದೆ. ಆಮೇಲೆ ಗಾಡಿ ತಗೊಂಡು ಬರೋಕೆ ಹೇಳಿ. ಹುಡುಗನ್ನೂ ಕರಕೊಂಡು ಬರಲಿ."