ಹತ್ತಿ ಬೆಳೆದರೆ ಪಟ್ಟೆ ಸೀರೆ

ಪಿಎಚ್.ಡಿ. ಮುಗಿಸಿ ಊರಿಗೆ ಬಂದದ್ದು 2004ರ ಬೇಸಿಗೆಯಲ್ಲಿ. ರಾಣೆಬೆನ್ನೂರು ತಾಲೂಕಿನ ನಮ್ಮ ಮನೆಯ ಪಡಸಾಲೆಯಲ್ಲಿ ಅವ್ವ ಶೇಂಗಾ ಸುಲಿಯುತ್ತ ಕೂತಿದ್ದಳು. ಇಷ್ಟು ವರ್ಷ ಅಮೆರಿಕದಾಗ ಏನು ಕಲಿತೆ ಅಂತ ಕೇಳಿದಳು. ನನಗೋ ಹೇಳುವ ಹುರುಪು.

“ಒಂದು ಲೆಕ್ಕ ಐತಬೇ. ಅದನ್ನ ಬಿಡಸೂದು ಭಾಳ ಕಷ್ಟ ಇದ್ರ, ನಾ ಮಾಡಿದ ಕೀಲಿ ಯಾರ ಕಡಿಂದನೂ ಮುರಿಯಾಕ ಆಗಂಗಿಲ್ಲ ಅಂತ ಸಾಧಿಸೇನಿ.”

“ಆ ಲೆಕ್ಕ ಕಷ್ಟ ಐತೋ ಇಲ್ಲೋ?”

“ಅದು ಯಾರಿಗೂ ಗೊತ್ತಿಲ್ಲ.”

ಅವ್ವ ಕೈಯಲ್ಲಿದ್ದ ಕಾಯಿ ಒಡೆದು ಬೀಜವನ್ನು ಬುಟ್ಟಿಗೆ ಹಾಕಿದಳು. “ಆದ್ರ ಹೋದ್ರ ಹತ್ತಿ ಬೆಳದ್ರ, ಅಜ್ಜಿ ನಿನಗೊಂದು ಪಟ್ಟೆ ಸೀರಿ ಅಂದಂಗಾತು ಬಿಡು ತಮ್ಮಾ.”

ಈ ಮಾತನ್ನು ಎಷ್ಟೋ ಸಮ್ಮೇಳನಗಳ ಊಟದ ಮೇಜಿನಲ್ಲಿ ನಗೆಹನಿಯಾಗಿ ಹೇಳಿದ್ದೇನೆ. ಪ್ರತಿ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಂಟಾ ಬಾರ್ಬರಾದಲ್ಲಿ ಗೂಢಲಿಪಿ ಶಾಸ್ತ್ರದ ನಮ್ಮವರೆಲ್ಲ ಸೇರುತ್ತಾರೆ; ಅಲ್ಲಿ ಹೇಳಿದಾಗಲಂತೂ ಜೋರಾಗಿ ನಕ್ಕರು. ಅವ್ವ ನಗಿಸಲು ಹೇಳಿರಲಿಲ್ಲ ಎಂದು ತಿಳಿಯಲು ನನಗೆ ಹತ್ತು ವರ್ಷ ಬೇಕಾಯಿತು. ಹತ್ತಿ ಬೆಳೆದವರ ಮನೆಯವಳು ಅವಳು. ‘ಬೆಳೆದರೆ’ ಅನ್ನುವುದರಲ್ಲಿ ಎಷ್ಟು ಸಾಲ ಅಡಗಿರುತ್ತದೆ ಎಂದು ಅವಳಿಗೆ ಗೊತ್ತಿತ್ತು.

ನಮ್ಮ ಶಾಸ್ತ್ರವೆಲ್ಲ ನಿಂತಿರುವುದೇ ಆ ‘ದರೆ’ಯ ಮೇಲೆ. 1976ರಲ್ಲಿ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್ಮನ್ ಒಂದು ವಿಚಿತ್ರ ತೋರಿಸಿದರು: ಒಬ್ಬರನ್ನೊಬ್ಬರು ಎಂದೂ ನೋಡದ ಇಬ್ಬರು, ಎಲ್ಲರಿಗೂ ಕೇಳುವಂತೆ ಮಾತಾಡಿಕೊಂಡೇ, ತಮ್ಮಿಬ್ಬರಿಗಷ್ಟೇ ಗೊತ್ತಿರುವ ಕೀಲಿಕೈ ಮಾಡಿಕೊಳ್ಳಬಹುದು. ಎರಡು ವರ್ಷದ ಮೇಲೆ ರಾಲ್ಫ್ ಮರ್ಕಲ್ ಮತ್ತು ಹೆಲ್ಮನ್ ‘ನ್ಯಾಪ್‌ಸ್ಯಾಕ್’ ಎಂಬ ಹೊಸ ಬೀಗ ಮಾಡಿದರು. 1982ರಲ್ಲಿ ಅದಿ ಶಮೀರ್ ಅದನ್ನು ಮುರಿದುಹಾಕಿದರು. ಮಾಡುವುದು, ಮುರಿಸಿಕೊಳ್ಳುವುದು, ಮತ್ತೆ ಮಾಡುವುದು. ಅದೇ 1982ರಲ್ಲಿ ಶಾಫಿ ಗೋಲ್ಡ್‌ವಾಸರ್ ಮತ್ತು ಸಿಲ್ವಿಯೊ ಮಿಕಾಲಿ ‘ಭದ್ರ’ ಅಂದರೇನು ಎಂಬುದಕ್ಕೇ ಗಣಿತದ ಅರ್ಥ ಕೊಟ್ಟರು. ಈ ಬೀಗ ಮುರಿಯುವ ಉಪಾಯ ಯಾರ ಹತ್ತಿರವಾದರೂ ಇದ್ದರೆ ಅದೇ ಉಪಾಯದಿಂದ ಶತಮಾನಗಳಿಂದ ಯಾರೂ ಬಿಡಿಸದ ಲೆಕ್ಕವನ್ನೂ ಬಿಡಿಸಬಹುದು ಎಂದು ತೋರಿಸುವ ಪದ್ಧತಿ ಬೆಳೆಯಿತು. ನಾನು ಕಲಿತದ್ದು, ಕಲಿಸಿದ್ದು, ಹೊಟ್ಟೆ ಹೊರೆದದ್ದು ಇದರಿಂದಲೇ.

ಆ ‘ದರೆ’ಯನ್ನು ಕಿತ್ತುಹಾಕಲು ಬರುವುದಿಲ್ಲವೇ ಎಂದು ಕೇಳಬಹುದು. ಸದ್ಯಕ್ಕೆ ಬರುವುದಿಲ್ಲ. ಬೀಗಕ್ಕೆ ಬೇಕಾದಂಥ ಲೆಕ್ಕವೊಂದು ನಿಜಕ್ಕೂ ಕಷ್ಟ ಎಂದು ಸಾಧಿಸಿದ ಕ್ಷಣವೇ ‘ಪಿ’ (ಬೇಗ ಬಿಡಿಸಬಹುದಾದ ಲೆಕ್ಕಗಳು) ಮತ್ತು ‘ಎನ್‌ಪಿ’ (ಉತ್ತರ ಕೊಟ್ಟರೆ ಬೇಗ ತಾಳೆ ನೋಡಬಹುದಾದ ಲೆಕ್ಕಗಳು) ಬೇರೆ ಬೇರೆ ಎಂದೂ ಸಾಧಿಸಿದಂತಾಗುತ್ತದೆ. 1971ರಿಂದ ಜಗ್ಗದೆ ಕೂತಿರುವ ಪ್ರಶ್ನೆ ಅದು. ತಲೆಯ ಮೇಲೆ ಹತ್ತು ಲಕ್ಷ ಡಾಲರ್ ಬಹುಮಾನ ಬೇರೆ. ಹಾಗಾಗಿ ‘ದರೆ’ ಇಟ್ಟುಕೊಳ್ಳುವುದು ನಮ್ಮ ತಪ್ಪಲ್ಲ. ಅದರ ಮರೆಯಲ್ಲಿ ಅಡಗಿಕೊಳ್ಳುವುದು ತಪ್ಪು. ನಾನು ಅಡಗಿಕೊಂಡವನು.

ಮೊದಲ ಸಲ ಹೀಗೆ ಸಿಕ್ಕಿಬಿದ್ದದ್ದು 2002ರ ಆಗಸ್ಟ್‌ನಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗ. ಕಾನ್ಪುರ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಒಂದು ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಎಂದು ಖಚಿತವಾಗಿ, ಬೇಗ ಹೇಳುವ ವಿಧಾನ ಕಂಡುಹಿಡಿದರು. ಅಂಥ ವಿಧಾನ 1970ರ ದಶಕದಲ್ಲೇ ಗ್ಯಾರಿ ಮಿಲ್ಲರ್ ಬಳಿ ಇತ್ತು. ಆದರೆ ಅದಕ್ಕೆ ‘ವಿಸ್ತೃತ ರೀಮನ್ ಊಹೆ ನಿಜವಾದರೆ’ ಎಂಬ ಬಾಲವಿತ್ತು. ಕಾನ್ಪುರದವರು ಆ ಬಾಲ ಕತ್ತರಿಸಿದರು. ನಮ್ಮ ಲ್ಯಾಬಿನಲ್ಲಿ ಎಲ್ಲರೂ ಬಂದು ನನ್ನ ಕೈ ಕುಲುಕಿದರು, ಭಾರತದವನೆಂಬ ಒಂದೇ ಕಾರಣಕ್ಕೆ. ನಾನು ಹೇಳಿದ್ದು ಮಾತ್ರ, “ಚೆನ್ನಾಗಿದೆ, ಆದರೆ ಬಳಕೆಗೆ ಹಳೆಯ ವಿಧಾನಗಳೇ ಜೋರು.” ಮಾತು ನಿಜ, ಇವತ್ತಿಗೂ ನಿಜ. ಹೇಳಿದ್ದು ಹೊಟ್ಟೆಕಿಚ್ಚಿನಿಂದ. ಕನ್ನಡದ ‘ಆದರೆ’ಗೆ ಎರಡು ಅರ್ಥ ನೋಡಿ, ಮಳೆ ಆದರೆ ಎಂಬ ಆದರೆ ಒಂದು, ಹೊಗಳಿದ ಬೆನ್ನಿಗೇ ತೆಗಳಲು ಬರುವ ಆದರೆ ಇನ್ನೊಂದು. ನನ್ನ ವೃತ್ತಿಯಲ್ಲಿ ಎರಡನ್ನೂ ಧಾರಾಳವಾಗಿ ಬಳಸಿದ್ದೇನೆ. ನೀಲ್ ಕೋಬ್ಲಿಟ್ಜ್ ಮತ್ತು ಆಲ್ಫ್ರೆಡ್ ಮೆನೆಜೆಸ್ ‘ಸಾಧಿತ ಭದ್ರತೆ’ ಎಂಬ ಮಾತಿನ ಮೇಲೇ ಅನುಮಾನ ಎತ್ತಿ ಬರೆದಾಗ ಅವರನ್ನು ಕಾಫಿ ಕುಡಿಯುತ್ತ ಗೇಲಿ ಮಾಡಿದವರಲ್ಲಿ ನಾನೂ ಒಬ್ಬ. ಅವರ ಲೇಖನವನ್ನು ಆಗ ಪೂರ್ತಿ ಓದಿಯೂ ಇರಲಿಲ್ಲ.

ಈಗ ಹೇಳಲೇಬೇಕಾದ್ದಕ್ಕೆ ಬರುತ್ತೇನೆ.

2013ರಲ್ಲಿ ನಮ್ಮ ಕ್ಷೇತ್ರಕ್ಕೆ ಜಾತ್ರೆಯ ಕಳೆ ಬಂತು. ಸಂಜಮ್ ಗರ್ಗ್, ಕ್ರೇಗ್ ಜೆಂಟ್ರಿ, ಶಾಯ್ ಹಲೇವಿ ‘ಬಹುರೇಖೀಯ ನಕ್ಷೆ’ ಎಂಬ ಸಲಕರಣೆಯ ಒಂದು ಮಾದರಿ ಕೊಟ್ಟರು. ಅದೇ ವರ್ಷ ಜೀನ್ ಸೆಬಾಸ್ಟಿಯನ್ ಕೊರೋನ್ ಮತ್ತು ಜೊತೆಗಾರರು ಪೂರ್ಣಾಂಕಗಳ ಮೇಲೆ ಇನ್ನೊಂದು ಮಾದರಿ ಕಟ್ಟಿದರು. ಪ್ರೋಗ್ರಾಂ ಕೆಲಸ ಮಾಡುತ್ತದೆ, ಒಳಗೆ ಏನಿದೆಯೆಂದು ಮಾತ್ರ ಯಾರಿಗೂ ತಿಳಿಯುವುದಿಲ್ಲ, ಅಂಥ ಮಾಯೆಯೂ ಇದರಿಂದ ಸಾಧ್ಯ ಎನಿಸಿತು. ಸಲಕರಣೆ ಮಾಡಿದವರು ಪ್ರಾಮಾಣಿಕರು. ಇದು ‘ಅಭ್ಯರ್ಥಿ’ ಮಾತ್ರ ಎಂದು ತಾವೇ ಬರೆದುಕೊಂಡಿದ್ದರು. ಅದನ್ನು ಗೆದ್ದ ಅಭ್ಯರ್ಥಿ ಎಂಬಂತೆ ಮೆರೆಸಿದವರು ನಮ್ಮಂಥವರು. ಅದರ ಮೇಲೆ ಹೊಸ ಬೀಗ ಕಟ್ಟುವುದು, ಭದ್ರತೆಗೆ ಒಂದು ಊಹೆ ಬೇಕಾದರೆ ಆ ಪೇಪರಿನ ಅಳತೆಗೇ ಹೊಲಿದು, ಅದಕ್ಕೊಂದು ಗಂಭೀರ ಹೆಸರಿಡುವುದು. ಪ್ರಮೇಯ ಸಾಧಿಸಲು ಏನು ಬೇಕೋ ಅದನ್ನೇ ನಿಜವೆಂದು ಊಹಿಸಿಕೊಂಡರೆ ಪ್ರೂಫ್ ಬರೆಯುವುದು ಎಷ್ಟು ಹೊತ್ತು? ಮೂರು ವರ್ಷದಲ್ಲಿ ಇಂಥ ಐದು ಪೇಪರು ಬರೆದೆ. ಬಡ್ತಿ ಸಿಕ್ಕಿದ್ದೂ ಆಗಲೇ. ಅಷ್ಟರಲ್ಲಿ ಭಾರತಕ್ಕೆ ಮರಳಿ ಒಂದು ಸಂಸ್ಥೆಯಲ್ಲಿ ಪಾಠ ಮಾಡುತ್ತಿದ್ದೆ.

ನನ್ನ ಬಳಿ ದಾವಣಗೆರೆ ಕಡೆಯ ಒಬ್ಬ ಹುಡುಗಿ ಪಿಎಚ್.ಡಿ. ಮಾಡುತ್ತಿದ್ದಳು. ಮಾತು ಕಡಿಮೆ, ಪ್ರಶ್ನೆ ನಿಧಾನ. 2014ರ ಫೆಬ್ರುವರಿ, ಪೇಪರ್ ಕಳಿಸುವ ಗಡುವಿಗೆ ಎರಡು ದಿನವಿತ್ತು. ರಾತ್ರಿ ಹತ್ತರ ಮೇಲೆ ನನ್ನ ಕೋಣೆಗೆ ನೋಟ್‌ಬುಕ್ ಹಿಡಿದು ಬಂದಳು. ಚೌಕಳಿ ಹಾಳೆ. ನಡುವೆ ಒಂದು ಸೊನ್ನೆ, ಅದರ ಸುತ್ತ ಹಸಿರು ಪೆನ್ನಿನಲ್ಲಿ ಎರಡು ಸುತ್ತು.

“ಸರ್, ಈ ಸೊನ್ನೆ ಯಾಕೋ ಸರಿ ಕಾಣ್ತಿಲ್ಲ.”

ಆ ಸಲಕರಣೆಯಲ್ಲಿ ಒಂದು ಪರೀಕ್ಷೆ ಇರುತ್ತದೆ. ಮುಚ್ಚಿಟ್ಟ ಸಂಖ್ಯೆ ಸೊನ್ನೆಯೋ ಅಲ್ಲವೋ ಎಂದಷ್ಟೇ ಅದು ತಿಳಿಸಬೇಕು, ಬೇರೇನೂ ಬಾಯಿಬಿಡಬಾರದು. ಅವಳ ತಕರಾರು ಇಷ್ಟೇ. ಪರೀಕ್ಷೆ ‘ಹೌದು’ ‘ಅಲ್ಲ’ ಎಂದು ಹೇಳುವ ಮೊದಲು ಒಂದು ಸಂಖ್ಯೆಯನ್ನು ಹೊರಗೆ ಹಾಕುತ್ತದೆ. ಅದು ಸಣ್ಣದಿದ್ದರೆ ಸೊನ್ನೆ, ದೊಡ್ಡದಿದ್ದರೆ ಅಲ್ಲ ಎಂದು ನಾವು ಗಾತ್ರವನ್ನಷ್ಟೇ ನೋಡಿ ಸಂಖ್ಯೆಯನ್ನು ಎಸೆಯುತ್ತೇವೆ. ಎಸೆಯದೆ ಇಟ್ಟುಕೊಂಡವನು ಏನು ಮಾಡಬಹುದು? ಅಂಥ ಹತ್ತಾರು ಸಂಖ್ಯೆ ಕೂಡಿಹಾಕಿ ಸಮೀಕರಣ ಬರೆದರೆ?

ನೋಡಿದ ಕೂಡಲೇ ಎದೆ ಧಸಕ್ಕೆಂದಿತು. ಅವಳು ಹೇಳಿದ್ದು ಅರ್ಥವಾಗಲಿಲ್ಲ ಎಂದು ಸುಳ್ಳು ಹೇಳಲಾರೆ. ಅರ್ಥವಾಯಿತು. ನಾನು ಹೇಳಿದ್ದು, “ನಮ್ಮ ಪ್ರಮೇಯ ‘ಊಹೆ ನಿಜವಾದರೆ’ ಅಂತ ತಾನೇ ಇರೋದು? ಪ್ರಮೇಯಕ್ಕೆ ಏನೂ ಆಗಲ್ಲ. ನೀನು ಐದನೇ ಭಾಗ ಮುಗಿಸು.” ಅವಳು ನೋಟ್‌ಬುಕ್ ಮುಚ್ಚಿಕೊಂಡು ಹೋದಳು. ಗುರುವಾರ ಬೆಳಗಿನ ಜಾವ ಪೇಪರ್ ಹೋಯಿತು, ಒಪ್ಪಿಗೆಯೂ ಆಯಿತು.

ಅದೇ ವರ್ಷದ ಕೊನೆಗೆ ದಕ್ಷಿಣ ಕೊರಿಯಾದ ಜುಂಗ್ ಹೀ ಚೆಯಾನ್ ಮತ್ತು ಜೊತೆಗಾರರು ಪೂರ್ಣಾಂಕಗಳ ಮಾದರಿಯನ್ನು ಪೂರ್ತಿ ಬಿಚ್ಚಿ ತೋರಿಸಿದರು. ಬಿಚ್ಚಿದ್ದು ಸೊನ್ನೆಯ ಆ ಪರೀಕ್ಷೆಯಿಂದಲೇ, ಎಸೆಯಬೇಕಾದ ಸಂಖ್ಯೆಗಳನ್ನು ಕೂಡಿಹಾಕಿ. ಮೊದಲ ಮಾದರಿಯನ್ನು ಮರುವರ್ಷ ಯುಪು ಹು, ಹುಯಿವೆನ್ ಜಿಯಾ ಮುರಿದರು. ನನ್ನ ಪ್ರಮೇಯಕ್ಕೆ ಏನೂ ಆಗಲಿಲ್ಲ, ನಾನು ಹೇಳಿದಂತೆಯೇ. ಇವತ್ತಿಗೂ ಅದು ನಿಜ. ಹತ್ತಿ ಬೆಳೆದರೆ ಪಟ್ಟೆ ಸೀರೆ ಎಂಬುದೂ ನಿಜವೇ.

ದಾಳಿಯ ಸುದ್ದಿ ಬಂದ ದಿನ ಅವಳು ನನ್ನ ಕೋಣೆಗೆ ಬರಲಿಲ್ಲ. ನಾನೂ ಕರೆಯಲಿಲ್ಲ. ಮುಂದಿನ ಪೇಪರಿನ ಪೀಠಿಕೆಯಲ್ಲಿ ‘ಇತ್ತೀಚಿನ ದಾಳಿಗಳ ಹಿನ್ನೆಲೆಯಲ್ಲಿ’ ಎಂದು ಬರೆದು ಕೊರಿಯಾದವರನ್ನು ಉಲ್ಲೇಖಿಸಿದೆ, ಯಾರೋ ದೂರದವರಿಂದ ಆಗತಾನೇ ಕಲಿತವನ ಹಾಗೆ. ಎರಡು ವರ್ಷದ ಮೇಲೆ ಅವಳಿಗೆ ಶಿಫಾರಸು ಪತ್ರ ಬರೆಯುವಾಗ ಬುದ್ಧಿವಂತೆ ಎಂದು ಹೊಗಳಿ, ಕೊನೆಗೆ ‘ಆದರೆ ಹಿಡಿದ ಕೆಲಸ ಮುಗಿಸುವ ವೇಗ ಸಾಲದು’ ಎಂದು ಸೇರಿಸಿದೆ. ಎರಡನೆಯ ಅರ್ಥದ ಆದರೆ. ಪೋಸ್ಟ್‌ಡಾಕ್ ಸಿಗದೆ ಅವಳು ಬೆಂಗಳೂರಿನ ಒಂದು ಕಂಪನಿ ಸೇರಿದಳು. ಆ ವಾಕ್ಯದಿಂದಲೇ ಹಾಗಾಯಿತೋ ಏನೋ. ಅದನ್ನು ಯಾಕೆ ಬರೆದೆನೆಂದು ಮಾತ್ರ ನನಗೆ ಗೊತ್ತು. ಅವಳು ನಿಧಾನಿಯಾಗಿ ಉಳಿದರೆ ನಾನು ಆ ರಾತ್ರಿ ಮಾಡಿದ್ದು ಸರಿಯಾಗಿ ಉಳಿಯುತ್ತಿತ್ತು.

ಮುಂದೆ, ಪ್ರೋಗ್ರಾಂನ ಒಳಗನ್ನು ಮರೆಮಾಡುವ ಆ ಮಾಯೆಯೂ ಬೇರೆಯವರ ಕೈಯಲ್ಲಿ ಗಟ್ಟಿ ನೆಲದ ಮೇಲೆ ನಿಂತಿತು. 2020ರಲ್ಲಿ ಆಯುಷ್ ಜೈನ್, ಹುಯಿಜಿಯಾ ಲಿನ್, ಅಮಿತ್ ಸಹಾಯ್ ಹಳೆಯ, ಹತ್ತು ಜನ ತಟ್ಟಿ ನೋಡಿದ ಊಹೆಗಳಿಂದಲೇ ಅದನ್ನು ಕಟ್ಟಿದರು. ನನ್ನ ಐದು ಪೇಪರುಗಳಲ್ಲಿ ಒಂದೂ ಅವರಿಗೆ ಬೇಕಾಗಲಿಲ್ಲ.

ಇಷ್ಟನ್ನು ಬರೆಯುವ ಧೈರ್ಯ ಎಲ್ಲಿಂದ ಬಂತು ಅಂದರೆ, 2024ರ ಏಪ್ರಿಲ್‌ನಿಂದ. ಆ ತಿಂಗಳು ಚೀನಾದ ಯಿಲೆಯಿ ಚೆನ್ ಒಂದು ಪೇಪರ್ ಹೊರಬಿಟ್ಟರು. 2005ರಲ್ಲಿ ಓಡೆಡ್ ರೆಗೆವ್ ಕೊಟ್ಟ ಲೆಕ್ಕವೊಂದಿದೆ. ಹೈಸ್ಕೂಲಿನ ಸಮೀಕರಣಗಳೇ, ಪ್ರತಿಯೊಂದರಲ್ಲೂ ಬೇಕೆಂದೇ ಚೂರು ತಪ್ಪು ಬೆರೆಸಿರುತ್ತದೆ. ಆ ಚೂರಿನಿಂದಲೇ ಅದು ಬಿಡಿಸಲಾರದ ಗಂಟಾಗುತ್ತದೆ. ಕ್ವಾಂಟಮ್ ಕಂಪ್ಯೂಟರ್ ಬಂದ ಮೇಲೂ ನಿಲ್ಲುವ ಬೀಗಗಳಲ್ಲಿ ಹೆಚ್ಚಿನವು ಈ ಗಂಟನ್ನೇ ನಂಬಿವೆ. ಅಂಥ ಗಂಟನ್ನು ಕ್ವಾಂಟಮ್ ಕಂಪ್ಯೂಟರ್ ಬಿಡಿಸಬಲ್ಲದು ಎಂದು ಆ ಪೇಪರ್ ಹೇಳುತ್ತಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ. ಜಗತ್ತಿನ ಬೀಗಗಳ ಚಿಂತೆ ಅಂದುಕೊಂಡೆ. ಬೆಳಗಿನ ಜಾವಕ್ಕೆ ನೋಡಿದರೆ, ನನ್ನ ಪೇಪರುಗಳಲ್ಲಿ ಇನ್ನು ಎಷ್ಟು ಉಳಿಯುತ್ತವೆ ಎಂದು ಬೆರಳು ಮಡಚಿ ಎಣಿಸುತ್ತಿದ್ದೆ.

ಎಂಟು ದಿನಕ್ಕೆ ಒಂಬತ್ತನೇ ಹೆಜ್ಜೆಯಲ್ಲಿ ತಪ್ಪು ಸಿಕ್ಕಿತು. ಹೊಂಗ್‌ಶುನ್ ವು ಮತ್ತು ಥಾಮಸ್ ವಿಡಿಕ್ ಬೇರೆ ಬೇರೆಯಾಗಿ ಕಂಡುಹಿಡಿದಿದ್ದರು. ಗಂಟು ಉಳಿಯಿತು. ಅದೇ ವರ್ಷದ ಆಗಸ್ಟ್ 13ರಂದು ಅಮೆರಿಕದ ಮಾನಕ ಸಂಸ್ಥೆ ಆ ಜಾತಿಯ ಗಂಟುಗಳನ್ನೇ ನಂಬಿ ಹೊಸ ಮಾನಕಗಳನ್ನೂ ಹೊರಡಿಸಿತು. ನಾನು ನಿರಾಳವಾದದ್ದಕ್ಕಿಂತ ಹೆಚ್ಚಾಗಿ ಮತ್ತೆ ಮತ್ತೆ ಓದಿದ್ದು ಚೆನ್ ತಮ್ಮ ಪೇಪರಿನ ಮೊದಲ ಪುಟಕ್ಕೇ ಸೇರಿಸಿದ ಟಿಪ್ಪಣಿಯನ್ನು. ತಪ್ಪು ಇಂಥಲ್ಲಿದೆ, ಸರಿಪಡಿಸಲು ನನಗೆ ತಿಳಿಯುತ್ತಿಲ್ಲ, ತೋರಿಸಿಕೊಟ್ಟವರು ಇವರು. ಹೆಸರು ಸಮೇತ. ಎಂಟು ದಿನದಲ್ಲಿ. ನನಗೆ ಹತ್ತು ವರ್ಷವಾಗಿತ್ತು.

ಕಳೆದ ತಿಂಗಳು ನನ್ನ 2014ರ ಪೇಪರಿನ ಮೊದಲ ಪುಟಕ್ಕೆ ನಾನೂ ಒಂದು ಟಿಪ್ಪಣಿ ಸೇರಿಸಿದೆ. ಈ ದೋಷವನ್ನು ಪೇಪರ್ ಕಳಿಸುವ ಎರಡು ದಿನ ಮೊದಲೇ ನನ್ನ ವಿದ್ಯಾರ್ಥಿನಿ ಗುರುತಿಸಿದ್ದಳು, ನಾನು ಕೇಳಲಿಲ್ಲ ಎಂದು, ಅವಳ ವಾದವನ್ನು ನಾಲ್ಕು ಸಾಲಿನಲ್ಲಿ ಬರೆದು, ಹಾಕುವ ಮೊದಲು ಅವಳಿಗೆ ಕಳಿಸಿದೆ. ಜೊತೆಗೆ ಶಿಫಾರಸು ಪತ್ರದ ವಿಷಯವನ್ನೂ ಬರೆದೆ, ಕ್ಷಮೆ ಕೇಳಿದೆ.

ಮೂರು ದಿನ ಉತ್ತರವಿಲ್ಲ. ನಾಲ್ಕನೇ ದಿನ ಬಂತು. ಪತ್ರದ ಬಗ್ಗೆ ಒಂದು ಮಾತೂ ಇಲ್ಲ, ಕ್ಷಮೆಯ ಬಗ್ಗೆಯೂ ಇಲ್ಲ. “ಸರ್, ನಮಸ್ಕಾರ. ಹೆಸರು ಹಾಕುವುದು ಬೇಡ. ಮೂರನೇ ಸಾಲಿನಲ್ಲಿ ಸಬ್‌ಸ್ಕ್ರಿಪ್ಟ್ ತಪ್ಪಾಗಿದೆ, ನೋಡಿ.”

ನೋಡಿದೆ. ತಪ್ಪಾಗಿತ್ತು. ತಿದ್ದಿ ಹಾಕಿದೆ.