ಕುದುರೆ ನಿಂತಲ್ಲಿ ಬೀಡು

ಹೊನ್ನಾವರದ ಉತ್ತರಕ್ಕೆ, ಬಡಗಣಿ ಹೊಳೆಯು ಸಮುದ್ರವನ್ನು ಸೇರುವ ಎಡೆಯಲ್ಲಿ ನಮ್ಮ ಕರ್ಕಿಯಿರುವದು. ಯಕ್ಷಗಾನದ ಮೇಳಕ್ಕೆ ಹೆಸರಾದ ಊರಿದು. ಸುಧನ್ವ, ಬಭ್ರುವಾಹನ, ತಾಮ್ರಧ್ವಜರ ಕಾಳಗಗಳನ್ನು ನೋಡುತ್ತಲೇ ನಮ್ಮ ಕಡೆಯ ಮಕ್ಕಳು ದೊಡ್ಡವರಾಗುವರು. ಇವೆಲ್ಲ ಧರ್ಮರಾಯನ ಯಜ್ಞಾಶ್ವವು ನಡೆದ ದಾರಿಯ ಕಥೆಗಳೆಂಬುದನ್ನು ವಾಚಕರು ಬಲ್ಲರು. ಅಲ್ಲಿ ಅರ್ಜುನನಂಥ ವೀರನೂ ಕುದುರೆಯ ಬೆನ್ನ ಹಿಂದೆ ಹೋಗತಕ್ಕವನೇ. ಅದು ನಡೆದದ್ದೇ ದಾರಿ, ಅದು ನಿಂತಲ್ಲಿಯೇ ದಂಡಿನ ಬೀಡು. ಲಕ್ಷ್ಮೀಶನ ಜೈಮಿನಿಭಾರತವನ್ನು ಮೂವತ್ತು ವರುಷ ಪಾಠ ಹೇಳಿದ ನಾನು ಇದನ್ನು ಬರಿಯ ಕವಿಸಮಯವೆಂದೇ ಎಣಿಸಿದ್ದೆನು. ಇದು ಪ್ರಯಾಣದ ನೇಮವೂ ಹೌದೆಂದು ನನಗೆ ತಿಳಿದದ್ದು ಕಳೆದ ಮಾರ್ಗಶಿರದಲ್ಲಿ.

ಬಹುಕಾಲ ಅಮೇರಿಕೆಯಲ್ಲಿದ್ದು ಸ್ವದೇಶಕ್ಕೆ ಮರಳಿದ ನನ್ನ ಹಳೆಯ ಶಿಷ್ಯನೊಬ್ಬನು ಒಂದು ಸಂಜೆ ನಮ್ಮ ಮನೆಯ ದಣಪೆಯ ಮುಂದೆ ಬಂದು ನಿಂತನು. ಅವನ ಸಂಗಡ ಕಾಠಿಯಾವಾಡಿ ತಳಿಯ ಒಂದು ಕಂದುಬಣ್ಣದ ಹೆಣ್ಣು ಕುದುರೆ. ಅದರ ಕಿವಿಗಳ ತುದಿಗಳು ಒಳಕ್ಕೆ ಬಾಗಿ ಒಂದನ್ನೊಂದು ಮುಟ್ಟುವಂತಿದ್ದವು. ಕರ್ಕಿಯ ಕಡಲತೀರದಿಂದ ಹೊರಟು, ಗೇರುಸೊಪ್ಪೆಯ ಮೇಲಿಂದ ಘಟ್ಟವನ್ನೇರಿ ಜೋಗವನ್ನು ಮುಟ್ಟಬೇಕೆಂಬುದು ಅವನ ಸಂಕಲ್ಪ. “ಮಾಸ್ತರೇ, ನನಗೆ ಯಾರ ಜಗಲಿಯಲ್ಲಾದರೂ ಜಾಗ ಸಿಕ್ಕೀತು. ಇದಕ್ಕೆ ಸಿಗಬೇಕಲ್ಲ!” ಎಂದನು.

ಅಮೇರಿಕೆಯ ಇಂಡಿಯಾನಾ ಸಂಸ್ಥಾನದಲ್ಲಿ ಬ್ರೌನ್ ಕೌಂಟಿಯೆಂಬ ಗುಡ್ಡಗಾಡಿನ ಸೀಮೆಯಿರುವದು. ಅಲ್ಲಿ 1929ರಲ್ಲಿ ಸ್ಥಾಪಿತವಾದ ಸರಕಾರೀ ವನದಲ್ಲಿ ಕುದುರೆಯೊಡನೆ ಬರುವವರಿಗೆಂದೇ ಪ್ರತ್ಯೇಕವಾದ ಬೀಡಿನ ಜಾಗವುಂಟಂತೆ. ಇಂಥ ವನಗಳು ಆ ದೇಶದಲ್ಲಿ ಅನೇಕ. ಅವುಗಳ ಕಟ್ಟಳೆಗಳೂ ಅನೇಕ. ಕುದುರೆಯನ್ನು ಮರದ ಬುಡಕ್ಕೆ ಬಿಗಿಯಬಾರದು. ಅದು ತೊಗಟೆಯನ್ನು ಕಡಿದು, ಗೊರಸಿನಿಂದ ಬೇರನ್ನು ಕೆದರುವದು. ಎರಡು ಮರಗಳಿಗೆ ಅಗಲವಾದ ಪಟ್ಟಿಗಳನ್ನು ಸುತ್ತಿ, ನಡುವೆ ತಲೆಯೆತ್ತರಕ್ಕೆ ಹಗ್ಗವನ್ನೆಳೆದು, ಆ ಹಗ್ಗಕ್ಕೆ ಕಟ್ಟಬೇಕು. ಬೀಡು ನೀರಿನ ದಡದಿಂದ ದೂರವಿರಬೇಕು. ಹಲವೆಡೆ ರೋಗವಿಲ್ಲವೆಂಬ ರಕ್ತಪರೀಕ್ಷೆಯ ಪತ್ರವನ್ನೂ ತೋರಿಸಬೇಕು. ಪಶ್ಚಿಮದ ಅನೇಕ ಅರಣ್ಯಗಳಲ್ಲಿ ಕಳೆಯ ಬೀಜವಿಲ್ಲದ ಹುಲ್ಲನ್ನೇ ಒಯ್ಯಬೇಕು.

ಇದನ್ನೆಲ್ಲ ಕೇಳಿ ನಾನು ನಕ್ಕು, “ಅಯ್ಯಾ, ಕುದುರೆಯ ದಾರಿಯನ್ನು ನೀನು ಅಮೇರಿಕೆಯಲ್ಲಿ ಹುಡುಕಬೇಕೆ? ಅದು ನಮ್ಮೂರ ದಾರಿಯೇ” ಎಂದೆನು. ನನ್ನ ಮಾತು ಸುಳ್ಳಲ್ಲ. ವಿಜಯನಗರದ ಕಾಲದಲ್ಲಿ ಹೊರ್ಮುಜ್ ಮೊದಲಾದೆಡೆಗಳಿಂದ ಹಡಗಿನಲ್ಲಿ ಬಂದ ಕುದುರೆಗಳು ಭಟ್ಕಳ, ಹೊನ್ನಾವರದ ಬಂದರುಗಳಲ್ಲಿ ಇಳಿದು ಘಟ್ಟವನ್ನೇರುತ್ತಿದ್ದವು. ಸ್ವತಃ ಕುದುರೆಯ ವ್ಯಾಪಾರಿಯಾಗಿದ್ದ ಪೋರ್ತುಗೀಜ ಲೇಖಕ ನೂನಿಜನು ಸಾಳುವ ನರಸಿಂಹನ ವಿಷಯವಾಗಿ ಒಂದು ಸೋಜಿಗವನ್ನು ಬರೆದಿರುವನು: ಕಡಲಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಅರಸನು ಜೀವಂತ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನಂತೆ. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆಯು ಹೊನ್ನಾವರದಿಂದ ಶರಾವತಿಯ ಮೇಲೆ ದೋಣಿಯಲ್ಲಿ ಗೇರುಸೊಪ್ಪೆಗೆ ಹೋಗಿ, ಘಟ್ಟವನ್ನು ಹತ್ತಿ ಇಕ್ಕೇರಿಯನ್ನು ಸೇರಿದನು. ಕಡಲಿನಿಂದ ಬಳಲಿ ಬಂದ ಪ್ರಾಣಿಗಳು ಇಷ್ಟು ಕಡಿದಾದ ಮಲೆಯನ್ನೇರಿ ತುಂಗಭದ್ರೆಯ ದಡವನ್ನು ಮುಟ್ಟಬೇಕಾದರೆ ದಾರಿಯುದ್ದಕ್ಕೂ ನೀರು, ನೆಳಲು, ಹುಲ್ಲುಗಳನ್ನು ಬಲ್ಲ ಜನರಿದ್ದಿರಲೇಬೇಕು.

ಹೀಗೆ ಪಾಂಡಿತ್ಯವನ್ನು ಮೆರೆದು, ಆ ರಾತ್ರಿ ಕುದುರೆಗೆ ಸ್ಥಳವನ್ನು ಗೊತ್ತುಮಾಡುವ ಭಾರವನ್ನು ನಾನೇ ಹೊತ್ತುಕೊಂಡೆನು. ನಮ್ಮ ಮನೆಯ ಸಮೀಪದ ಗುಡಿಯ ಹಿಂಬದಿಯಲ್ಲಿ ಬಾವಿಯುಂಟು, ಬಯಲುಂಟು. ಶಿಷ್ಯನು ಸ್ನಾನಕ್ಕೆ ಹೋದಾಗ ಕುದುರೆಯನ್ನು ನಾನೇ ಅಲ್ಲಿಯ ಒಂದು ಕಂಬಕ್ಕೆ ಕಟ್ಟಿ, ಬೇಲಿಯ ಕೆಂಪು ಹೂಗಳನ್ನು ನೋಡುತ್ತ ನಿಂತಿದ್ದೆನು. ಶಿಷ್ಯನು ಒದ್ದೆ ಬಟ್ಟೆಯಲ್ಲಿಯೇ ಓಡಿಬಂದು, ಮಾತಿಲ್ಲದೆ ಹಗ್ಗವನ್ನು ಹಿಡಿದು ಕುದುರೆಯನ್ನು ಹಿಂದಕ್ಕೆಳೆದನು. ಅದರ ತುಟಿಯು ಬೇಲಿಯ ಎಲೆಗೆ ಇನ್ನೇನು ತಾಗುವದರಲ್ಲಿದ್ದಿತು. “ಮಾಸ್ತರೇ, ಇದು ಕಣಗಿಲೆ! ಕೆಲವೇ ಎಲೆ ತಿಂದರೂ ಕುದುರೆ ಉಳಿಯುವದಿಲ್ಲ” ಎಂದನು.

ನನಗೆ ಮೈಯೆಲ್ಲ ಬೆವರಿತು. ಕಣಗಿಲೆಯೆಂದರೆ ಸಂಸ್ಕೃತದಲ್ಲಿ ಕರವೀರ. ಅದಕ್ಕೆ ಅಮರಸಿಂಹನು ಕೊಟ್ಟ ಪರ್ಯಾಯನಾಮಗಳಲ್ಲಿ ‘ಹಯಮಾರಕ’ವೆಂಬುದು ಒಂದು, ಕುದುರೆಯನ್ನು ಕೊಲ್ಲುವದು ಎಂದರ್ಥ. ಈ ಶಬ್ದವನ್ನು ನಾನು ಎಷ್ಟು ನೂರು ಹುಡುಗರಿಂದ ಬಾಯಿಪಾಠ ಮಾಡಿಸಿಲ್ಲ! ನಿತ್ಯವೂ ಅದೇ ಬೇಲಿಯಿಂದ ದೇವರಿಗೆ ಹೂವನ್ನೂ ಕೊಯ್ದಿರುವೆನು. ಆದರೆ ಕುದುರೆಯು ಎದುರಿಗೆ ನಿಂತಾಗ ನಾಲಗೆಯ ಮೇಲಿನ ಶಬ್ದವೂ ಕೈಯಳತೆಯ ಗಿಡವೂ ನನ್ನೊಳಗೆ ಒಂದಾಗಲಿಲ್ಲ. ನಮ್ಮಲ್ಲಿ ಪದವು ಉಳಿಯಿತು, ಪದಾರ್ಥವು ಹೋಯಿತು. ಬೀಡು, ಲಾಯ, ಗೊಂತು ಎಂಬ ಮಾತುಗಳೂ ಹಾಗೆಯೇ. ಅವು ಕೋಶದಲ್ಲಿರುವವು; ದಾರಿಯಲ್ಲಿಲ್ಲ.

ಮರುದಿನ ಶಿಷ್ಯನು ನಸುಕಿನಲ್ಲಿಯೇ ಹೊರಟನು. ನಾನು ಹುಲ್ಲಿನ ಹೊರೆಯನ್ನಿಟ್ಟುಕೊಂಡು ರಿಕ್ಷಾದಲ್ಲಿ ಹಿಂಬಾಲಿಸಿದೆನು. ಹೊನ್ನಾವರದಿಂದ ಗೇರುಸೊಪ್ಪೆಗೆ ಸುಮಾರು 18 ಮೈಲು. ದಾರಿಯ ಒಂದು ವಸತಿಗೃಹದಲ್ಲಿ ವಿಚಾರಿಸಲು, “ಮೋಟಾರಾದರೆ ನಿಲ್ಲಿಸಿ, ಕುದುರೆಗೆ ಜಾಗವಿಲ್ಲ” ಎಂದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಹಿಂದಿನ ದಿನ ನಾನು ಕೊಟ್ಟ ಜಾಗಕ್ಕಿಂತ ಅವರ ನಿರಾಕರಣೆಯೇ ಲೇಸಾಗಿದ್ದಿತು.

ಸಂಜೆಗೆ ಘಟ್ಟದ ಬುಡದಲ್ಲಿ ಒಂದು ಅಡಿಕೆತೋಟದ ಮನೆಯ ಮುಂದೆ ನಿಂತೆವು. ಯಜಮಾನರಾದ ವೃದ್ಧರು ಹೊರಗೆ ಬಂದು, ನಮ್ಮ ಊರು ಹೆಸರುಗಳನ್ನು ಕೇಳುವ ಮೊದಲೇ ಒಳಗೆ ಮುಖಮಾಡಿ, “ಆಸರಿಗೆ ತನ್ನಿ” ಎಂದರು. ಬೆಲ್ಲ, ನೀರು ಬಂದವು. ನಾವು ಕೈನೀಡುವಷ್ಟರಲ್ಲಿ, “ತಡೆಯಿರಿ, ನಡೆದು ಬಂದದ್ದು ಅದು” ಎಂದು ಬಾನಿಯಲ್ಲಿ ನೀರನ್ನು ತುಂಬಿಸಿ ಕುದುರೆಯ ಮುಂದಿಡಿಸಿದರು; ಅಂಗೈಯಲ್ಲಿ ಒಂದು ಚೂರು ಬೆಲ್ಲವನ್ನೂ ಹಿಡಿದರು. ಅದು ಕುಡಿದಾದ ಮೇಲೆಯೇ ನಮ್ಮ ಸರದಿ. ಕೊಟ್ಟಿಗೆಯ ಮಗ್ಗುಲಲ್ಲಿ ಹಾಸಲು ಆಳು ಕಾಡಿನ ದರಕನ್ನು ತಂದಾಗ ಅವರು ಬೇಡವೆಂದು ಬತ್ತದ ಹುಲ್ಲನ್ನು ತರಿಸಿದರು. ಒಣಗಿದ ಎಲೆಯಲ್ಲಿ ಉಣುಗು ಇರುವದು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ಹರಡುವದು ಉಣುಗಿನಿಂದಲೇ. ಚಳಿಗಾಲದಿಂದ ಬೇಸಗೆಯವರೆಗೆ ಅದರ ಭಯವು ಹೆಚ್ಚು. ಮಳೆಗಾಲದಲ್ಲಿ ಉಂಬಳ, ಬೇಸಗೆಯಲ್ಲಿ ಉಣುಗು; ನಮ್ಮ ಮಲೆಯಲ್ಲಿ ಮನಬಂದಲ್ಲಿ ಮಲಗಲಾಗದು.

ಆ ಇರುಳು ಜಗಲಿಯಲ್ಲಿ ಕುಳಿತು, ಕುದುರೆಯ ಬೀಡಿಗೆ ಬೇಕಾದದ್ದೇನೆಂದು ಲೆಕ್ಕ ಹಾಕಿದೆವು. ದಿನಕ್ಕೆ 25ರಿಂದ 45 ಲೀಟರು ನೀರು. ದೇಹದ ನೂರು ಪಾಲಿಗೆ ಎರಡು ಪಾಲಿನಂತೆ, 400 ಕಿಲೋ ತೂಗುವ ಕುದುರೆಗೆ ಸುಮಾರು 8 ಕಿಲೋ ಒಣಹುಲ್ಲು. ಕಣಗಿಲೆಯಿಲ್ಲದ ಒಂದು ಅಂಗಳ, ಎರಡು ಗಟ್ಟಿ ಕಂಬ, ಒಂದು ಹಗ್ಗ. ಅರಣ್ಯದ ಮಾತು ಬೇರೆ. ಘಟ್ಟದ ಈ ಕಾಡು ಸಿಂಗಳೀಕಗಳ ನೆಲೆ, ಅಭಯಾರಣ್ಯ. ಇಲಾಖೆಯ ಅನುಮತಿಯಿಲ್ಲದೆ ಒಳಗೆ ಬೀಡು ಬಿಡುವದು ಅಪರಾಧ. 1972ರ ವನ್ಯಜೀವಿ ಕಾಯಿದೆಯು ಅಭಯಾರಣ್ಯದ 5 ಕಿಲೋಮೀಟರಿನೊಳಗಿನ ಸಾಕುಪ್ರಾಣಿಗಳಿಗೆ ಲಸಿಕೆ ಹಾಕಿಸಬೇಕೆನ್ನುವದು. ನಮ್ಮ ಪ್ರಾಣಿಯ ರೋಗವು ಕಾಡಿನ ಪ್ರಾಣಿಗೆ ತಗಲಬಾರದಷ್ಟೆ. ಆದುದರಿಂದ ಬೀಡು ಕಾಡಿನಲ್ಲಿ ಬೇಡ. ಕಾಡಿನ ಅಂಚಿನ ಗೃಹಸ್ಥನ ಅಂಗಳದಲ್ಲಿರಲಿ. ಅವನಿಗೂ ಇದು ನಷ್ಟವಲ್ಲ. ಬೆಳಗ್ಗೆ ಲದ್ದಿಯನ್ನು ಗುಡಿಸಿ ಕಳೆಯಲು ಹೊರಟ ಶಿಷ್ಯನನ್ನು ಯಜಮಾನರು ತಡೆದು, “ಅದು ನನ್ನ ಅಡಿಕೆಮರದ ಪಾಲು” ಎಂದು ಬುಟ್ಟಿಗೆ ತುಂಬಿಸಿಕೊಂಡರು.

ಲಾರಿಗಳ ಸಂಚಾರವು ವಿರಳವಾಗಿರುವಾಗಲೇ ಶಿಷ್ಯನು ಕುದುರೆಯನ್ನು ಕೈಯಲ್ಲಿ ಹಿಡಿದು ಘಟ್ಟವನ್ನೇರತೊಡಗಿದನು. ಮೊದಲನೆಯ ತಿರುವಿನಲ್ಲಿ ಗೊರಸಿನ ಸಪ್ಪಳವು ಮರೆಯಾಗುವವರೆಗೆ ನಾವಿಬ್ಬರು ಮುದುಕರು ನಿಂತು ಕೇಳಿದೆವು. ಜೋಗವನ್ನು ಸುಖವಾಗಿ ಸೇರಿದೆನೆಂದು ಅವನ ದೂರವಾಣಿ ಬಂದಿತು.

ಊರಿಗೆ ಮರಳಿದ ಮೇಲೆ ಗುಡಿಯ ಹಿಂಬದಿಯ ಬಾವಿಯಿಂದ ದೂರದಲ್ಲಿ, ಕಣಗಿಲೆಯ ಸೋಂಕಿಲ್ಲದ ಕಡೆ, ಊರವರನ್ನು ಕೇಳಿ ಎರಡು ಕಂಬಗಳನ್ನು ನಿಲ್ಲಿಸಿ ಒಂದು ಕಲ್ಲಿನ ಬಾನಿಯನ್ನಿಡಿಸಿರುವೆನು. ಕುದುರೆಯು ಮತ್ತೆಂದು ಬರುವದೋ ದೇವರೇ ಬಲ್ಲನು. ಸದ್ಯಕ್ಕೆ ದಾರಿಹೋಕ ದನಗಳು ಅಲ್ಲಿ ನೀರು ಕುಡಿಯುವವು. ನಮ್ಮ ವಾಚಕರಲ್ಲಿ ಯಾರ ಮನೆಯು ಹೆದ್ದಾರಿಯ ಮಗ್ಗುಲಿಗಿರುವದೋ ಅವರು ಇಷ್ಟನ್ನು ಮಾಡಲಾರದವರಲ್ಲ. ಬಂದವನ ಹೆಸರನ್ನು ಆಮೇಲೆ ಕೇಳಿದರಾಯಿತು. ಅವನನ್ನು ಹೊತ್ತು ತಂದದ್ದಕ್ಕೆ ಮೊದಲು ನೀರಿಡೋಣ.